ಎರಡನೆಯ ಕುರ್ಚಿ

1970ರ ಸೆಪ್ಟೆಂಬರ್ 8, ಮಂಗಳವಾರ. ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ವೊನೊಕರ್ತೊ ಪೊಲೀಸ್ ಠಾಣೆಯ ಮುಂದೆ ಅರಮನೆಯ ಕಾರ್ಯದರ್ಶಿ ತೊಂಡೊ ಸೈಕಲ್ ನಿಲ್ಲಿಸಿದರು. ಅರವತ್ತೆಂಟು ವರ್ಷದ ಮನುಷ್ಯ. ತಲೆಗೆ ಕಟ್ಟಿದ ಬಾಟಿಕ್ ವಸ್ತ್ರ ಮಡಿಕೆ ಕೆಡದೆ ಇತ್ತು. ಕಾಲಿನಲ್ಲಿ ಮಾತ್ರ ಬೇರೆ ಬೇರೆ ಜೋಡಿಯ ಚಪ್ಪಲಿಗಳು.

ಆ ಹೊತ್ತಿಗೆ ಠಾಣೆಯಲ್ಲಿದ್ದವಳು ಸಾರ್ಜೆಂಟ್ ವುರ್ಯಾನಿ. ಹಿರಿಯ ಗಂಡಸರ ಹೆಸರಿಗೆ ಸೇರಿಸುವ 'ಪಾಕ್' ಎಂಬ ಗೌರವದ ಮಾತಿನಿಂದ ಕರೆದಳು.

"ಕೂತ್ಕೊಳ್ಳಿ ಪಾಕ್ ತೊಂಡೊ. ಏನಾಯ್ತು?"

"ದೊರೆಗಳು ಹೋದ್ರು."

"ಎಲ್ಲಿಗೆ?"

"ಹೋದ್ರಮ್ಮ. ತೀರ್ಕೊಂಡ್ರು. ಪೂರ್ವದ ಜಗಲಿಯಲ್ಲಿ, ಚಹಾ ಕುಡೀತಾ ಕೂತವರು ಹಾಗೇ. ಜೊತೆಗೆ ಮಿಂತಾರ್ಸಿಯವರೂ."

ವುರ್ಯಾನಿ ಎಫ್‌ಐಆರ್ ಪುಸ್ತಕ ತೆಗೆದು ಕ್ರಮಾಂಕ 41 ಎಂದು ಬರೆದಳು. ಸಮಯ 7:35. ಇಪ್ಪತ್ತು ವರ್ಷದ ನೌಕರಿಯಲ್ಲಿ ಸಾವಿನ ಸುದ್ದಿ ಬರೆದುಕೊಳ್ಳುವುದು ಅವಳಿಗೆ ಅಭ್ಯಾಸವಾಗಿತ್ತು. ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಯೋಚಿಸುವುದನ್ನು ಅವಳು ಬಿಟ್ಟಿದ್ದಳು.

ದೊರೆ ಹದಿಸೂರ್ಯೊಗೆ ಐವತ್ತೊಂದು ವರ್ಷ. ಗಣರಾಜ್ಯ ಬಂದ ಮೇಲೆ ಅಧಿಕಾರವೇನೂ ಉಳಿದಿರಲಿಲ್ಲ. ಆದರೂ ಅವರ ಕಾರು ಹಾದುಹೋಗುವಾಗ ಗದ್ದೆಯಲ್ಲಿದ್ದವರು ಈಗಲೂ ನಿಂತಲ್ಲೇ ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಮಿಂತಾರ್ಸಿ ಹೆಂಚು ಸುಡುವವನ ಮಗಳು, ಅರಮನೆಯಲ್ಲಿ ಕುಣಿಯಲು ಬಂದವಳು. ಇಪ್ಪತ್ತೆರಡು ವರ್ಷದ ಹಿಂದೆ ದೊರೆಯೊಂದಿಗೆ ಅವಳ ಮದುವೆ ನಡೆದಾಗ ದೊರೆಯೇ ಬರಲಿಲ್ಲ. ಕೆಳಗಿನ ಮನೆತನದ ಹೆಣ್ಣಾದರೆ ವರ ಬರುವ ಪದ್ಧತಿ ಇಲ್ಲ. ಅವರ ಬದಲಿಗೆ ರೇಷ್ಮೆ ದಿಂಬಿನ ಮೇಲೆ ಅವರ ಕಠಾರಿ ಬಂತು. ಮಿಂತಾರ್ಸಿ ಕಠಾರಿಯ ಪಕ್ಕ ಕೂತು, ಅದಕ್ಕೆ ಕೈಮುಗಿದು, ಹೆಂಡತಿಯಾದಳು. ಪಟ್ಟದರಸಿ ಬೇರೆ ಇದ್ದರು. ಅವರು ಹೋದ ವರ್ಷ ತೀರಿಕೊಂಡರು.

ಇನ್‌ಸ್ಪೆಕ್ಟರ್ ಹರ್ದೊಯೊ, ವುರ್ಯಾನಿ ಮತ್ತು ಪೇದೆ ಬೇಜೊ 8:05ಕ್ಕೆ ಅರಮನೆ ತಲುಪಿದರು. ದೊರೆ ಬೆತ್ತದ ಕುರ್ಚಿಯಲ್ಲಿ ಒರಗಿದ್ದರು. ಕಣ್ಣು ಮುಚ್ಚಿತ್ತು, ತಲೆ ನೇರವಾಗಿತ್ತು. ಮಿಂತಾರ್ಸಿ ಅವರ ಪಾದದ ಬಳಿ ಚಾಪೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಮಂಡಿ ಮಡಚಿತ್ತು, ಉಡುಗೆ ಕಾಲಿನ ಗಂಟಿನವರೆಗೆ ಸರಿಯಾಗಿ ಮುಚ್ಚಿತ್ತು. ಎರಡು ಗಾಜಿನ ಲೋಟ, ಒಂದು ಕೆಟಲು, ತಟ್ಟೆಯಲ್ಲಿ ಬೇಯಿಸಿದ ಗೆಣಸು. ಲೋಟದಲ್ಲಿ ಉಳಿದ ಚಹಾಕ್ಕೆ ಕಹಿ ಬಾದಾಮಿಯಂಥ ವಾಸನೆ.

ಹರ್ದೊಯೊ ಹೇಳುತ್ತ ಹೋದರು, ವುರ್ಯಾನಿ ಪಂಚನಾಮೆ ಬರೆಯುತ್ತ ಹೋದಳು. 'ಮೃತ ಪುರುಷ ಕುರ್ಚಿಯಲ್ಲಿ, ಮೃತ ಸ್ತ್ರೀ ತಮ್ಮ ಸ್ಥಾನದಲ್ಲಿ.' ಪಂಚರಿಬ್ಬರು ರುಜು ಹಾಕಿದರು. ದೊರೆಯ ಎಡಕ್ಕೆ ಇನ್ನೊಂದು ಬೆತ್ತದ ಕುರ್ಚಿ ಖಾಲಿ ಇತ್ತು. ಅದನ್ನು ಪೀಠೋಪಕರಣಗಳ ಸಾಲಿಗೆ ಸೇರಿಸಿದರು. ಅದರ ಕೆಳಗೆ ಬಾಡಿದ ಮಲ್ಲಿಗೆಯ ಒಂದು ತುಣುಕು ಸಿಕ್ಕಿತು. ಆರನೆಯ ವಸ್ತು ಎಂದು ಬರೆದು ಲಕೋಟೆಗೆ ಹಾಕಿದರು.

"ಚಹಾ ಯಾರು ತಂದದ್ದು?" ಹರ್ದೊಯೊ ಅಡುಗೆಯವಳನ್ನು ಕೇಳಿದರು.

"ದಿನಾ ಮಿಂತಾರ್ಸಿಯಮ್ಮನೇ ಒಯ್ಯೋದು ಪಾಕ್. ಗಂಡನ ಚಹಾ ಅವರದ್ದೇ ಕೆಲಸ. ಐದೂವರೆಗೆ ತಟ್ಟೆ ಕಟ್ಟೆ ಮೇಲಿಟ್ಟೆ. ಒಲೆ ಕಡೆ ತಿರುಗಿ ನೋಡೋ ಹೊತ್ತಿಗೆ ತಟ್ಟೆ ಇರಲಿಲ್ಲ."

"ಒಯ್ದವರನ್ನ ನೋಡಿದ್ಯಾ?"

"ಇಪ್ಪತ್ತೆರಡು ವರ್ಷದಿಂದ ಒಯ್ತಾರೆ. ನೋಡೋದೇನು?"

ಅರಮನೆಯ ಹೆಣ್ಣಾಳುಗಳಿಗೆಲ್ಲ ಯಜಮಾನಿ ಸಜಿನೆಂ. ಎಪ್ಪತ್ತು ವರ್ಷ. ಕಠಾರಿಗಳ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. ನೆಲದ ಮೇಲೆ ಕೂತೇ ಹರ್ದೊಯೊಗೆ ಉತ್ತರ ಕೊಟ್ಟಳು.

"ಬೆಳಿಗ್ಗೆ ಎಲ್ಲಿದ್ರಿ ಅಜ್ಜಿ?"

"ಕಠಾರಿ ಕೋಣೆಯಲ್ಲಿ. ಧೂಪ ಹಾಕ್ತಿದ್ದೆ."

"ಸದ್ದು ಏನಾದ್ರೂ ಕೇಳಿಸ್ತಾ?"

"ಇಲ್ಲ."

"ಇವರಿಗೆ ಯಾರಾದ್ರೂ ಶತ್ರುಗಳು?"

"ದೊರೆಗಳಿಗೆ ಶತ್ರು ಇರ್ತಾರಾ?"

ವುರ್ಯಾನಿ ಅವಳ ಮುಖ ನೋಡಿದಳು. ಅತ್ತಿರಲಿಲ್ಲ. ಅಳದ ಹೆಂಗಸರ ಬಗ್ಗೆ ಸಂಶಯ ಪಡುವುದು ಗಂಡಸರ ಅಭ್ಯಾಸ ಎಂದು ವುರ್ಯಾನಿಗೆ ಅನಿಸುತ್ತಿತ್ತು. ತನ್ನ ಅಮ್ಮ ಸತ್ತ ದಿನ ಅವಳೂ ಅತ್ತಿರಲಿಲ್ಲ. ಮಧ್ಯಾಹ್ನ ನಲವತ್ತು ಜನಕ್ಕೆ ಅನ್ನ ಬಡಿಸಬೇಕಿತ್ತು.

ಮಧ್ಯಾಹ್ನ ಮೂರಕ್ಕೆ ಸೇನೆಯವರು ಒಬ್ಬನನ್ನು ಠಾಣೆಗೆ ತಂದು ಲಾಕಪ್ಪಿಗೆ ಹಾಕಿದರು. ಅವನು ಪರ್ಜಿಮಾನ್, ಮಿಂತಾರ್ಸಿಯ ತಮ್ಮ. ಮೊದಲು ಶಾಲಾ ಮೇಷ್ಟ್ರು. ಐದು ವರ್ಷದ ಹಿಂದಿನ ಗಲಭೆಯ ಕಾಲದಲ್ಲಿ ಎಡಪಂಥೀಯ ಶಿಕ್ಷಕರ ಸಂಘದಲ್ಲಿ ಹೆಸರಿತ್ತೆಂದು ಎರಡು ವರ್ಷ ಒಳಗಿದ್ದು ಬಂದವನು. ಈಗ ಅಪ್ಪನ ಗೂಡಿನಲ್ಲಿ ಹೆಂಚು ಸುಡುತ್ತಿದ್ದ. ಸೋಮವಾರ ಸಂಜೆ ಅರಮನೆಗೆ ಹೋಗಿ ಅಕ್ಕನ ಜೊತೆ ಗಟ್ಟಿಯಾಗಿ ಮಾತಾಡಿದ್ದನ್ನು ಕಾವಲಿನವರು ಕೇಳಿದ್ದರು. ಅವನ ಮನೆಯಲ್ಲಿ ಒಂದು ಡಬ್ಬಿ ಸೈನೈಡ್ ಸಿಕ್ಕಿತ್ತು. ಹೊಳೆಯಲ್ಲಿ ಮೀನು ಹಿಡಿಯಲು ಆ ಊರಿನವರು ಕದ್ದು ಬಳಸುವುದು ಅದನ್ನೇ.

ಸೇನೆಯ ಲೆಫ್ಟಿನೆಂಟ್ ನಿಂತೇ ಮಾತಾಡಿದ. "ದೊರೆ ಹತ್ಯೆ ಅಂದ್ರೆ ರಾಜಕೀಯ, ಪಾಕ್ ಹರ್ದೊಯೊ. ಬರೋ ವರ್ಷ ಚುನಾವಣೆ ಇದೆ. ಇವನ ಹಳೇ ಫೈಲು ನನ್ನ ಹತ್ರ ಇದೆ. ಗುರುವಾರ ನಾಲ್ಕು ಗಂಟೆಗೆ ಲಾರಿ ಬರುತ್ತೆ. ದ್ವೀಪಕ್ಕೆ ಕಳಿಸ್ತೀವಿ. ಅಲ್ಲೀವರೆಗೆ ನಿಮ್ಮಲ್ಲಿರ್ಲಿ, ನಮ್ಮಲ್ಲಿ ಜಾಗ ಇಲ್ಲ."

ರಾಜಕೀಯ ಕೈದಿಗಳನ್ನು ಇಡುವ ಆ ದ್ವೀಪಕ್ಕೆ ವೊನೊಕರ್ತೊದಿಂದ ಹನ್ನೊಂದು ಮಂದಿ ಹೋಗಿದ್ದರು. ಒಬ್ಬರ ಕಾಗದವೂ ಬಂದಿರಲಿಲ್ಲ.

ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಮರಣೋತ್ತರ ವರದಿ ಬಂತು. ಸೈನೈಡ್. ಇಬ್ಬರೂ ಐದೂಮುಕ್ಕಾಲು ಮತ್ತು ಆರೂಕಾಲರ ನಡುವೆ ಸತ್ತಿದ್ದರು. ಮಧ್ಯಾಹ್ನ ಎರಡಕ್ಕೆ ಹರ್ದೊಯೊ ಪರ್ಜಿಮಾನ್‌ನನ್ನು ಹೊರಗೆ ಕರೆಸಿದರು.

"ಸೋಮವಾರ ಯಾಕೆ ಹೋಗಿದ್ದೆ?"

"ಅಕ್ಕ ಕರೆಸಿದ್ಲು."

"ಜಗಳ ಯಾಕೆ?"

"ಜಗಳ ಅಲ್ಲ. ಬೇಡ ಅಂದೆ, ಕೇಳಲಿಲ್ಲ."

"ಏನು ಬೇಡ?"

ಅವನು ತಿರುಗಿ ಕೇಳಿದ. "ಅಕ್ಕ ಎಲ್ಲಿ ಸತ್ತಿದ್ಲು?"

"ಗೊತ್ತಲ್ಲ. ಪೂರ್ವದ ಜಗಲಿಯಲ್ಲಿ."

"ಜಗಲಿ ಗೊತ್ತು. ಜಗಲಿಯಲ್ಲಿ ಎಲ್ಲಿ?"

"ಚಾಪೆ ಮೇಲೆ. ದೊರೆಗಳ ಕಾಲ ಹತ್ರ."

ಪರ್ಜಿಮಾನ್ ತಲೆ ಅಲ್ಲಾಡಿಸಿದ. "ಸುಳ್ಳು. ಮಂಗಳವಾರ ಬೆಳಿಗ್ಗೆಯಿಂದ ಕುರ್ಚಿ ಅಂತ ಹೇಳಿದ್ಲು. ಭಾವ ಬರೆದು ಕೊಟ್ಟಿದ್ರಂತೆ, ಇನ್ನು ಮೇಲೆ ನೀನು ನನ್ನ ಸಮಕ್ಕೆ ಅಂತ. ಎರಡನೇ ಕುರ್ಚಿ ಹಾಕಿಸ್ತಾರೆ, ಕೂರ್ತೀನಿ ಕಣೋ ಅಂದ್ಲು. ಕೂರಬೇಡ, ಆ ಮನೆಯವರು ಬಿಡಲ್ಲ ಅಂದೆ. ಮೊಣಕಾಲು ನೋಡು ಅಂತ ತೋರ್ಸಿದ್ಲು. ನೆಲಕ್ಕೆ ಊರಿ ಊರಿ ಕಪ್ಪಾಗಿ ಗಡ್ಡೆ ಕಟ್ಟಿದೆ. ಅಷ್ಟು ವರ್ಷ ಕಾದವಳು ಮೊದಲನೇ ದಿನವೇ ಚಾಪೆಗೆ ಇಳೀತಾಳಾ?"

ಹರ್ದೊಯೊ ಸಿಗರೇಟು ಹಚ್ಚಲು ಹೋಗಿ ನಿಲ್ಲಿಸಿದರು. ವುರ್ಯಾನಿ ಪಂಚನಾಮೆಯ ಹಾಳೆ ತೆಗೆದಳು. 'ತಮ್ಮ ಸ್ಥಾನದಲ್ಲಿ.' ಅವಳದೇ ಅಕ್ಷರ. ಇನ್‌ಸ್ಪೆಕ್ಟರ್ ಹೇಳಿದ್ದರು, ಅವಳು ಬರೆದಿದ್ದಳು, ಇಬ್ಬರು ಪಂಚರು ರುಜು ಹಾಕಿದ್ದರು, ವೈದ್ಯರು ಓದಿದ್ದರು. ಗಂಡನ ಕಾಲ ಬುಡದಲ್ಲಿ ಹೆಂಗಸೊಬ್ಬಳು ಸತ್ತು ಬಿದ್ದದ್ದು ಯಾರಿಗೂ ಪ್ರಶ್ನೆಯಾಗಿರಲಿಲ್ಲ.

"ನಾವು ಕಣ್ಣಿದ್ದೂ ನೋಡಲಿಲ್ಲ," ಎಂದರು ಹರ್ದೊಯೊ.

3:40ಕ್ಕೆ ಅವರು ಮತ್ತೆ ಜಗಲಿಯಲ್ಲಿದ್ದರು. ಖಾಲಿ ಕುರ್ಚಿಯ ಮೆತ್ತೆಯ ಮೇಲೆ ಒಣಗಿದ ಚಹಾದ ಕಲೆ, ಅಂಚಿನಲ್ಲಿ ಬಿಳಿ ನೊರೆಯ ಗುರುತು. ಒರಗುವ ಬೆತ್ತದ ಸಂದಿಯಲ್ಲಿ ಕೊಂಬಿನ ಹೇರ್‌ಪಿನ್ನು ಸಿಕ್ಕಿಹಾಕಿಕೊಂಡಿತ್ತು. ಅದರಲ್ಲಿ ಎರಡು ಕೂದಲು. ಕುರ್ಚಿಯಿಂದ ಚಾಪೆಗೆ ಮೂರು ಅಡಿ. ಹೆಂಚಿನ ನೆಲದ ಮೇಲೆ ಹಿಮ್ಮಡಿ ಎಳೆದ ಎರಡು ಗೆರೆ.

"ಕುರ್ಚಿಯಲ್ಲೇ ಸತ್ತಿದ್ದಾರೆ," ಎಂದಳು ವುರ್ಯಾನಿ. "ಆಮೇಲೆ ಯಾರೋ ಇಳಿಸಿದ್ದಾರೆ. ಮಂಡಿ ಮಡಚಿ, ಉಡುಗೆ ಸರಿಮಾಡಿ."

ಬೇಜೊ ಬಗ್ಗಿ ಗೆರೆ ನೋಡಿದ. "ಮರ್ಯಾದಸ್ಥ ಕೊಲೆಗಾರ ಪಾಕ್. ಸಾಯ್ಸಿದ್ದು ಸರಿ, ಸಮಕ್ಕೆ ಕೂರಿಸೋದು ಮಾತ್ರ ಆಗಲ್ಲ ಅಂತಾನೆ."

"ಬಾಯಿ ಮುಚ್ಚು," ಎಂದರು ಹರ್ದೊಯೊ. ಅನಂತರ, "ಇಲ್ಲ, ಇನ್ನೊಂದ್ಸಲ ಹೇಳು."

ಬೇಜೊ ಗಾಬರಿಯಿಂದ ಮತ್ತೆ ಹೇಳಿದ.

"ತಮ್ಮ ಆಗಿದ್ರೆ ಅಕ್ಕನ್ನ ನೆಲಕ್ಕೆ ಇಳಿಸ್ತಿರಲಿಲ್ಲ," ಎಂದಳು ವುರ್ಯಾನಿ. "ಹೊರಗಿನವರು ಯಾರಾದ್ರೂ ಆಗಿದ್ರೆ ಓಡಿಹೋಗ್ತಿದ್ರು. ಅವರು ಕುರ್ಚಿಯಲ್ಲಿ ಕೂತದ್ದನ್ನ ಸತ್ತ ಮೇಲೂ ನೋಡೋಕೆ ಆಗದವರು ಇದನ್ನ ಮಾಡಿದ್ದು."

ತೊಂಡೊ ಆ ಆಜ್ಞಾಪತ್ರ ತಂದು ತೋರಿಸಿದರು. ಸೆಪ್ಟೆಂಬರ್ 7, ಸೋಮವಾರ, ಸಂಜೆ ನಾಲ್ಕಕ್ಕೆ ರುಜು. ಮಿಂತಾರ್ಸಿಗೆ ಪಟ್ಟದರಸಿಯ ಪದವಿ. ಸಮಾರಂಭ ಶುಕ್ರವಾರ. ಕುರ್ಚಿ ಮರುದಿನದಿಂದಲೇ.

"ಪಾಕ್ ತೊಂಡೊ, ಪಟ್ಟದರಸಿ ಗಂಡನ ಚಹಾ ತಾವೇ ಒಯ್ತಾರಾ?" ಎಂದು ಕೇಳಿದಳು ವುರ್ಯಾನಿ.

"ಛೆ, ಎಲ್ಲಾದ್ರೂ ಉಂಟೇ. ಪಟ್ಟದರಸಿ ಕೂತಿರ್ತಾರೆ. ಚಹಾ ಒಯ್ಯೋದು ಹೆಣ್ಣಾಳುಗಳ ಯಜಮಾನಿ." ಹೇಳಿದ ಮೇಲೆ ಮುದುಕನ ಬಾಯಿ ಅರ್ಧ ತೆರೆದೇ ಉಳಿಯಿತು.

"ಅಂದ್ರೆ ಮಂಗಳವಾರ ಬೆಳಿಗ್ಗೆ ತಟ್ಟೆ ಎತ್ತಿದವರು ಮಿಂತಾರ್ಸಿ ಅಲ್ಲ."

ತೊಂಡೊ ಆಜ್ಞಾಪತ್ರ ಮಡಿಸಿ ಹರ್ದೊಯೊ ಕೈಗೆ ಕೊಟ್ಟರು.

ಸಂಜೆ ಐದಕ್ಕೆ ಚಿನ್ನದ ನೀರು ಕೊಡುವ ಕುಶಲಕರ್ಮಿಯ ಹೇಳಿಕೆ ಪಡೆದರು. ಶುಕ್ರವಾರದ ಸಮಾರಂಭಕ್ಕೆ ಕಠಾರಿಯ ಒರೆಗೆ ಹೊಸದಾಗಿ ಚಿನ್ನ ಹಚ್ಚಬೇಕಿತ್ತು. ಅದಕ್ಕೆ ಬೇಕಾದ ಸೈನೈಡಿನ ಡಬ್ಬಿಯನ್ನು ಸೋಮವಾರ ರಾತ್ರಿ ಸಜಿನೆಂ ಕೈಗೆ ಕೊಟ್ಟು ಕೋಣೆಯಲ್ಲಿಡಲು ಹೇಳಿದ್ದ. ಈಗ ನೋಡಿದರೆ ತುಂಬಿದ ಡಬ್ಬಿ ಅರ್ಧವಾಗಿತ್ತು.

ಅವತ್ತು ರಾತ್ರಿ ಮನೆಯಲ್ಲಿ ವುರ್ಯಾನಿ ಗಂಡನಿಗೆ ಬಡಿಸಿ, ಅವನು ಎದ್ದ ಮೇಲೆ ಅವನ ತಟ್ಟೆಯಲ್ಲೇ ಉಂಡಳು. ಹಾಗೆ ಮಾಡೆಂದು ಅವನು ಯಾವತ್ತೂ ಹೇಳಿದವನಲ್ಲ. ಬೇಡ ಎಂದೂ ಹೇಳಿದವನಲ್ಲ.

ಗುರುವಾರ ಬೆಳಿಗ್ಗೆ ಶವಗಳನ್ನು ಅರಮನೆಗೆ ಒಪ್ಪಿಸಿದರು. ಮಧ್ಯಾಹ್ನ 12:40ಕ್ಕೆ, ಮೆರವಣಿಗೆಗೆ ಹೂ ಕಟ್ಟುತ್ತಿದ್ದ ಸಜಿನೆಂಳನ್ನು ವಿಚಾರಣೆಗೆ ಠಾಣೆಗೆ ಕರೆತಂದರು. ಅವಳು ಯಾಕೆ ಎಂದು ಕೇಳಲಿಲ್ಲ. ಕಟ್ಟುತ್ತಿದ್ದ ಹಾರವನ್ನು ಪಕ್ಕದವಳ ಕೈಗೆ ಕೊಟ್ಟು, ಬೀಗದ ಕೈ ಬಿಚ್ಚಿ ತೊಂಡೊ ಮುಂದಿಟ್ಟು ಬಂದಳು.

ಹರ್ದೊಯೊ ಹೇರ್‌ಪಿನ್ನು, ಡಬ್ಬಿ, ಆಜ್ಞಾಪತ್ರ ಮೂರನ್ನೂ ಮೇಜಿನ ಮೇಲಿಟ್ಟರು.

"ಚಹಾ ಒಯ್ದವರು ನೀವೇ?"

"ಹೌದು. ನನ್ನ ಕೆಲಸ ಅದು."

"ಅದರಲ್ಲಿ ವಿಷ ಹಾಕಿದ್ದು?"

"ನಾನೇ."

"ಇಬ್ಬರಿಗೂ?"

"ಒಂದೇ ಕೆಟಲಿನ ಚಹಾ ಅಲ್ವಾ?"

"ಮಿಂತಾರ್ಸಿಯವರನ್ನ ಕೆಳಗಿಳಿಸಿದ್ದು?"

"ಹೂಂ. ಕುರ್ಚಿಯಿಂದ ಜಾರ್ತಿದ್ಲು. ಅಲ್ಲಿ ಚೆನ್ನಾಗಿ ಕಾಣ್ತಿರಲಿಲ್ಲ."

"ನೀವ್ಯಾಕೆ ಕುಡೀಲಿಲ್ಲ?"

ಈ ಪ್ರಶ್ನೆಗೆ ಮಾತ್ರ ಅವಳು ಅಚ್ಚರಿಯಿಂದ ಮುಖ ಎತ್ತಿದಳು. "ಅವರ ಚಹಾದಲ್ಲಿ ನಾನು ಪಾಲು ತಗೊಳ್ಳೋದುಂಟಾ?"

ವಿಚಾರಣೆ ಹನ್ನೆರಡು ನಿಮಿಷದಲ್ಲಿ ಮುಗಿಯಿತು. ಯಾಕೆ ಎಂಬುದಕ್ಕೆ ಮಾತ್ರ ಉತ್ತರ ಬರಲಿಲ್ಲ.

ಎರಡು ಗಂಟೆಗೆ ಲೆಫ್ಟಿನೆಂಟ್ ಬಂದು ಹೇಳಿಕೆ ಓದಿದ. "ಕಾರಣ ಎಲ್ಲಿದೆ? ಜನ್ಮಪೂರ್ತಿ ಉಪ್ಪು ತಿಂದ ಆಳು ಸುಮ್ಮನೆ ದೊರೇನ ಕೊಲ್ತಾಳಾ? ಯಾರೋ ಹೇಳಿ ಮಾಡಿಸಿದ್ದಾರೆ. ಅದು ಆ ಮೇಷ್ಟ್ರೇ. ಸರಿಯಾದ ಕಾರಣ ಬರೆದು, ಇವಳ ಹೆಬ್ಬೆಟ್ಟು ಒತ್ತಿಸಿ ಕೊಡಿ, ಅವನನ್ನ ಬಿಡ್ತೀನಿ. ಇಲ್ಲ ಅಂದ್ರೆ ನಾಲ್ಕಕ್ಕೆ ಇಬ್ಬರನ್ನೂ ಲಾರಿಗೆ ಹತ್ತಿಸ್ತೀನಿ." ಹೇಳಿ ಹೊರಟುಹೋದ.

ಲಾಕಪ್ಪಿನ ಸರಳಿನ ಹಿಂದೆ ಪರ್ಜಿಮಾನ್ ಕೇಳಿಸಿಕೊಳ್ಳುತ್ತಿದ್ದ. ಅಂಗಿ ಬಿಚ್ಚಿ, ಮಡಿಸಿ, ಬೇಜೊ ಕೈಗೆ ಕೊಟ್ಟ.

"ಇದನ್ನ ನನ್ನ ಹೆಂಡತಿಗೆ ಕೊಡು. ಲಾರಿಯಲ್ಲಿ ಹಾಳಾಗುತ್ತೆ. ದೊಡ್ಡ ಮಗನಿಗೆ ಆಗುತ್ತೆ ಇದು."

ವುರ್ಯಾನಿ ಇನ್‌ಸ್ಪೆಕ್ಟರನ್ನು ಹೊರಗೆ ಕರೆದಳು. "ಪಾಕ್, ನಿನ್ನೆ ತೊಂಡೊ ಬಾಯಿ ಅರ್ಧ ತೆರೆದೇ ಉಳಿದದ್ದು ನೋಡಿದ್ರಲ್ಲ. ಅವರಿಗೆ ಏನೋ ಗೊತ್ತಿದೆ. ಫೋನ್ ಮಾಡಿ. ನಾನು ಅಜ್ಜಿ ಹತ್ರ ಕೂರ್ತೀನಿ."

ಮೆರವಣಿಗೆಗೆ ಹೋಗದೆ ಅರಮನೆಯಲ್ಲೇ ಉಳಿದಿದ್ದ ತೊಂಡೊ ಫೋನಿನಲ್ಲಿ ದನಿ ತಗ್ಗಿಸಿ ಹೇಳಿದರು. "ಅದು ವಂಶಾವಳಿಯಲ್ಲಿ ಇಲ್ಲ ಪಾಕ್. ಆದ್ರೆ ಅರಮನೆಯಲ್ಲಿ ಎಲ್ಲರಿಗೂ ಗೊತ್ತು. ದೊರೆಗಳಿಗೂ ಗೊತ್ತಿತ್ತು. ಹಿರಿಯ ದೊರೆಗಳ, ಅಂದ್ರೆ ಇವರ ತಂದೆಯ, ಕಠಾರಿಗೂ ಒಬ್ಬಳನ್ನ ಮದುವೆ ಮಾಡಿದ್ರು, ಸಾವಿರದ ಒಂಬೈನೂರ ಹದಿನೆಂಟರಲ್ಲಿ. ಪಟ್ಟದರಸಿಗೆ ಗಂಡುಮಕ್ಕಳಿರಲಿಲ್ಲ. ಕಠಾರಿಯ ಹೆಂಡತಿಗೆ ಗಂಡು ಹುಟ್ಟಿತು. ನಲವತ್ತನೇ ದಿನಕ್ಕೆ ಮಗುವನ್ನ ಪಟ್ಟದರಸಿಯ ಮಗು ಅಂತ ಒಳಗೆ ತಗೊಂಡ್ರು."

ಹರ್ದೊಯೊ ಫೋನಿಟ್ಟು, ಬಾಗಿಲಲ್ಲಿ ನಿಂತು, ಕೇಳಿದ್ದನ್ನು ಹಾಗೇ ವುರ್ಯಾನಿಗೆ ಹೇಳಿದರು. ಅಜ್ಜಿಗೂ ಕೇಳಿಸಿತು. ಅವಳು ನೆಲ ನೋಡುತ್ತ ಕೂತೇ ಇದ್ದಳು.

ವುರ್ಯಾನಿ ಬಿಸಿನೀರು ತಂದುಕೊಟ್ಟು ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು.

"ಹಾಲು ನಿಲ್ಲೋಕೆ ಎಷ್ಟು ದಿನ ಆಯ್ತು ಅಜ್ಜಿ?"

ಎಪ್ಪತ್ತು ವರ್ಷದ ಹೆಂಗಸು ಈ ಪ್ರಶ್ನೆಯನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಲೆಕ್ಕ ಹಾಕುವವಳಂತೆ ಗೋಡೆ ನೋಡಿದಳು.

"ಎರಡು ತಿಂಗಳು ಮೇಲಾಯ್ತು. ವೀಳ್ಯದೆಲೆ ಬಿಸಿ ಮಾಡಿ ಕಟ್ಟಿದ್ರು. ಪಕ್ಕದ ಕೋಣೆಯಲ್ಲಿ ಮಗು ಅತ್ತರೆ ಮತ್ತೆ ಇಳೀತಿತ್ತು."

"ದೂರ ಕಳಿಸಲಿಲ್ವಾ ನಿಮ್ಮನ್ನ?"

"ನಾನೇ ಕಾಲು ಹಿಡಿದು ಇಲ್ಲೇ ಇರ್ತೀನಿ ಅಂದೆ. ಆಳಾಗಿ ಇರು ಅಂದ್ರು. ಅವರು ಮಾತು ಕಲಿತಾಗ ನನ್ನನ್ನ ನೀನು ಅಂದ್ರು. ನಾನು ತಾವು ಅಂದೆ. ಐವತ್ತೊಂದು ವರ್ಷ ತಾವು ಅಂದೆ. ಕಷ್ಟ ಆಗಲಿಲ್ಲಮ್ಮ. ನಿಯಮ ಅದು. ನನಗೊಬ್ಬಳಿಗೇ ಮಾಡಿದ್ದಲ್ಲ. ಬೆಟ್ಟ ಇದ್ದಂಗೆ ಅದು ಇತ್ತು. ಬೆಟ್ಟದ ಮೇಲೆ ಯಾರಾದ್ರೂ ಸಿಟ್ಟು ಮಾಡ್ತಾರಾ?"

"ಸೋಮವಾರ ಏನಾಯ್ತು?"

"ನನ್ನನ್ನ ಕರೆಸಿದ್ರು. ಆ ಕಾಗದ ಓದಿ ಹೇಳಿದ್ರು. ನಾಳೆಯಿಂದ ಮಿಂತಾರ್ಸಿಗೆ ಚಹಾ ನೀನು ತಗೊಂಡು ಬಾ ಅಂದ್ರು. ನಾನು ಕೇಳಿದೆ, ಹೀಗೆ ಮಾಡೋಕೆ ಆಗುತ್ತಾ, ನಿಯಮ ಇದೆಯಲ್ಲ ಅಂತ. ನಕ್ಕರು. ಒಳ್ಳೆ ನಗು ಅವರದ್ದು. 'ಒಂದು ಕಾಗದದ ಮಾತು ಅಜ್ಜಿ, ಈಗಿನ ಕಾಲದಲ್ಲಿ ಅದೆಲ್ಲ ಏನು' ಅಂದ್ರು."

ಅವಳು ಬಿಸಿನೀರು ಒಂದು ಗುಟುಕು ಕುಡಿದಳು.

"ಒಂದು ಕಾಗದ. ನಾನು ಬೆಟ್ಟ ಅಂದ್ಕೊಂಡಿದ್ದೆ. ಬೆಟ್ಟ ಆಗಿದ್ರೆ ಸರಿ. ಕಾಗದ ಅಂದ ಮೇಲೆ, ಅವತ್ತೂ ಯಾರಾದ್ರೂ ಬರೀಬಹುದಿತ್ತು ಅಲ್ವಾ? ಅವರೇ ಬರೀಬಹುದಿತ್ತು, ದೊಡ್ಡವರಾದ ಮೇಲೆ. ಮೂವತ್ತು ವರ್ಷದಿಂದ ಪೆನ್ನು ಅವರ ಕೈಯಲ್ಲೇ ಇತ್ತು."

"ಮಿಂತಾರ್ಸಿ ಮೇಲೆ ಕೋಪ ಇತ್ತಾ?"

"ಒಳ್ಳೆ ಹುಡುಗಿ. ಕಠಾರಿ ಪಕ್ಕ ಹೇಗೆ ಕೂರಬೇಕು ಅಂತ ನಾನೇ ಹೇಳಿಕೊಟ್ಟಿದ್ದೆ."

ವುರ್ಯಾನಿ ಎದ್ದು ಮೇಜಿಗೆ ಹೋಗಿ ಎಲ್ಲವನ್ನೂ ಬರೆದಳು. ಮೊದಲ ಸಾಲು, 'ನಾನು, ಸಜಿನೆಂ, ಮೃತ ದೊರೆ ಹದಿಸೂರ್ಯೊ ಅವರ ಹೆತ್ತ ತಾಯಿ.' ಗಂಟೆ ಎರಡು ಐವತ್ತು. ಓದಿ ಹೇಳಿ, ಶಾಯಿಯ ಪ್ಯಾಡ್ ಮುಂದಿಟ್ಟಳು.

ಸಜಿನೆಂ ಕೈ ಹಿಂದೆ ಎಳೆದುಕೊಂಡಳು.

"ಆ ಸಾಲು ತೆಗೀರಿ."

"ಯಾಕೆ?"

"ಪಟ್ಟದರಸಿಗೆ ಹುಟ್ಟಿದವರಿಗೆ ಮಾತ್ರ ಬೆಟ್ಟದ ತುದಿಯಲ್ಲಿ ಗೋರಿ. ಹಿರಿಯ ದೊರೆ ಪಕ್ಕ. ಹೀಗೆ ಸರ್ಕಾರಿ ಕಾಗದದಲ್ಲಿ ಬಂದ್ರೆ ಕೆಳಗಿಡ್ತಾರೆ. ದಾಯಾದಿಗಳು ಅದಕ್ಕೇ ಕಾಯ್ತಾ ಕೂತಿದ್ದಾರೆ. ಕೊಂದೆ ಅಂತ ಬರ್ಕೊಳ್ಳಿ, ಒತ್ತುತೀನಿ. ಹೆತ್ತೆ ಅಂತ ಬೇಡ."

ಹರ್ದೊಯೊ ತಾಳ್ಮೆ ಕಳೆದುಕೊಂಡರು. "ಈ ಸಾಲಿಲ್ಲದಿದ್ರೆ ಆ ಮನುಷ್ಯ ದ್ವೀಪಕ್ಕೆ ಹೋಗ್ತಾನೆ ಅಜ್ಜಿ. ನಾಲ್ಕು ಮಕ್ಕಳಿದ್ದಾರೆ ಅವನಿಗೆ."

"ಕೇಳಿಸ್ತು."

"ಅವನ ಅಕ್ಕನ್ನ ಕೊಂದಿದ್ದೀರಿ. ಅವನನ್ನೂ ಕೊಲ್ತೀರಾ?"

"ನನಗೆ ಒಬ್ಬನೇ ಮಗ," ಎಂದಳು ಸಜಿನೆಂ. ಎಷ್ಟು ಸಹಜವಾಗಿ ಹೇಳಿದಳೆಂದರೆ, ಹೇಳಿದ್ದು ಏನೆಂದು ಅವಳಿಗೇ ಆಮೇಲೆ ತಿಳಿದ ಹಾಗಿತ್ತು.

ವುರ್ಯಾನಿ ಗಡಿಯಾರ ನೋಡಿದಳು. ಮೆರವಣಿಗೆ ಒಂದೂವರೆಗೆ ಹೊರಟಿತ್ತು. ಬೆಟ್ಟಕ್ಕೆ ಒಂದು ಗಂಟೆ ದಾರಿ. ಮೆಟ್ಟಿಲು, ಪ್ರಾರ್ಥನೆ ಎಲ್ಲ ಸೇರಿ ಇನ್ನೊಂದು ಗಂಟೆ.

"ಅಜ್ಜಿ, ಗೋರಿಗೆ ಮಣ್ಣು ಹಾಕಿದ ಮೇಲೆ ಯಾರಾದ್ರೂ ಅಗೀತಾರಾ?"

"ನಮ್ಮಲ್ಲಿ ಯಾರೂ ಅಗೆಯಲ್ಲ. ಮಹಾಪಾಪ."

"ಹಾಗಾದ್ರೆ ಅಲ್ಲೀವರೆಗೆ ಕಾಯೋಣ. ಮಣ್ಣು ಮುಚ್ಚಿದ ಸುದ್ದಿ ಬಂದ ಮೇಲೆ ಒತ್ತಿ. ಈ ಹಾಳೆ ಅಲ್ಲೀವರೆಗೆ ನನ್ನ ಕೈ ಬಿಡಲ್ಲ."

"ಹಾಗಾದ್ರೆ ಒತ್ತುತೀನಿ," ಎಂದಳು ಸಜಿನೆಂ.

ಬೇಜೊ ಮೋಟಾರ್ ಸೈಕಲ್ ಹತ್ತಿ ಬೆಟ್ಟಕ್ಕೆ ಹೋದ. ಠಾಣೆಯಲ್ಲಿ ನಾಲ್ವರು ಉಳಿದರು. ಹರ್ದೊಯೊ ಲವಂಗ ಬೆರೆಸಿದ ಸಿಗರೇಟನ್ನು ಒಂದರ ಮೇಲೊಂದು ಸೇದಿದರು, ಕೋಣೆಯ ತುಂಬ ಅದರ ವಾಸನೆ. ಪರ್ಜಿಮಾನ್ ಬರಿಮೈಯಲ್ಲಿ ಗೋಡೆಗೊರಗಿ ಕೂತಿದ್ದ. ಅವನಿಗೂ ಸಜಿನೆಂಗೂ ನಡುವೆ ಕಬ್ಬಿಣದ ಸರಳು, ಆರು ಅಡಿ ನೆಲ. ಒಮ್ಮೆ ಅವನು ಕೇಳಿದ.

"ಅಕ್ಕ ಸಾಯುವಾಗ ಏನಾದ್ರೂ ಅಂದ್ಲಾ?"

"ಬೆನ್ನಿಗೆ ಬೆತ್ತ ಒತ್ತುತ್ತೆ ಅಂದ್ಲು," ಎಂದಳು ಸಜಿನೆಂ. "ಅಭ್ಯಾಸ ಇರಲಿಲ್ಲ ಅವಳಿಗೆ. ಆಮೇಲೆ ನಕ್ಕಳು. ಆಮೇಲೆ ಕುಡಿದ್ಲು."

ಅವನು ತಲೆಯಾಡಿಸಿದ.

3:30. 3:40. ಲಾರಿ ಹತ್ತು ನಿಮಿಷ ಮೊದಲೇ ಬಂದು ಅಂಗಳದಲ್ಲಿ ನಿಂತಿತು. ಲೆಫ್ಟಿನೆಂಟ್ ಇಳಿದು ಒಳಗೆ ಬಂದು ಗಡಿಯಾರದ ಕೆಳಗೆ ನಿಂತ. ಇಬ್ಬರು ಸೈನಿಕರು ಲಾಕಪ್ಪಿನ ಮುಂದೆ ಹೋದರು. ಹರ್ದೊಯೊ ಬೀಗದ ಕೈಯನ್ನು ಕೂಡಲೇ ಕೊಡಲಿಲ್ಲ, ಮೇಜಿನ ಖಾನೆಗಳಲ್ಲಿ ಒಂದೊಂದಾಗಿ ಹುಡುಕಿದರು. ಅದು ಅವರ ಜೇಬಿನಲ್ಲಿರುವುದು ವುರ್ಯಾನಿಗೆ ಗೊತ್ತಿತ್ತು.

3:56ಕ್ಕೆ ಬೇಜೊ ಬಂದ. ಮೊಣಕಾಲಿನವರೆಗೆ ಕೆಂಪು ಧೂಳು.

"ಮುಚ್ಚಿದ್ರು ಅಜ್ಜಿ. ತುದಿಯಲ್ಲೇ. ಹಿರಿಯ ದೊರೆಗಳ ಎಡಕ್ಕೆ. ಕಲ್ಲೂ ಇಟ್ಟಾಯ್ತು. ನಾನೇ ಒಂದು ಹಿಡಿ ಮಣ್ಣು ಹಾಕಿ ಬಂದೆ."

ಸಜಿನೆಂ ಹೆಬ್ಬೆರಳನ್ನು ತಾನೇ ಶಾಯಿಗೆ ಅದ್ದಿ, ವುರ್ಯಾನಿ ತೋರಿಸಿದಲ್ಲಿ ಒತ್ತಿದಳು. ಒಂದು ಸಲ ಸರಿಯಾಗಿ ಮೂಡಲಿಲ್ಲವೆಂದು ಪಕ್ಕದಲ್ಲಿ ಇನ್ನೊಂದು ಸಲ ಒತ್ತಿದಳು.

ಲೆಫ್ಟಿನೆಂಟ್ ಹಾಳೆ ತೆಗೆದುಕೊಂಡು ಮೊದಲ ಸಾಲು ಓದಿದ, ಮುದುಕಿಯ ಕಡೆ ನೋಡಿದ, ಮತ್ತೆ ಓದಿದ. "ತಾಯಿ," ಎಂದ. ಪ್ರತಿ ತೆಗೆದುಕೊಂಡು ಹೊರಟ. ಲಾರಿ ಖಾಲಿಯಾಗಿ ಹೋಯಿತು.

4:10ಕ್ಕೆ ಸಜಿನೆಂ ಬಂಧನವನ್ನು ದಿನಚರಿಯಲ್ಲಿ ದಾಖಲಿಸಿದರು. 4:20ಕ್ಕೆ ಪರ್ಜಿಮಾನ್ ಬಿಡುಗಡೆ. ಬೇಜೊ ಅಂಗಿ ವಾಪಸು ಕೊಟ್ಟ. ಪರ್ಜಿಮಾನ್ ತೊಟ್ಟುಕೊಳ್ಳುತ್ತ ಕೇಳಿದ, "ಅಕ್ಕನ್ನ ಎಲ್ಲಿಟ್ಟರು?"

"ಕೆಳಗೆ. ಮೆಟ್ಟಿಲು ಶುರುವಾಗೋ ಹತ್ರ. ಸಮಾರಂಭ ಆಗಿರಲಿಲ್ಲ ನೋಡಿ, ಅದಕ್ಕೆ. ಒಂದು ಹಲಸಿನ ಮರ ಇದೆ ಮೇಷ್ಟ್ರೇ, ನೆರಳಿದೆ."

ಅವನು ಗುಂಡಿ ಹಾಕಿಕೊಂಡು ಹೊರಗೆ ಹೋದ. ಮನೆಯ ಕಡೆ ಅಲ್ಲ, ಬೆಟ್ಟದ ರಸ್ತೆಗೆ ತಿರುಗಿದ.

ದೋಷಾರೋಪ ಪಟ್ಟಿಯ ನಮೂನೆಯಲ್ಲಿ ಕಾರಣ ಬರೆಯಲು ಇದ್ದದ್ದು ಒಂದು ಅಂಗುಲ ಜಾಗ. ಹರ್ದೊಯೊ ಸ್ವಲ್ಪ ಯೋಚಿಸಿ 'ವೈಯಕ್ತಿಕ ದ್ವೇಷ' ಎಂದು ಹೇಳಿದರು. ವುರ್ಯಾನಿ ತಪ್ಪಿಲ್ಲದೆ ಟೈಪು ಮಾಡಿದಳು. ದ್ವೇಷ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಐವತ್ತೊಂದು ವರ್ಷ ಒಬ್ಬಳು ತನ್ನ ನೋವಿಗೆ ಕೊಟ್ಟುಕೊಂಡಿದ್ದ ಒಂದೇ ಸಮಾಧಾನ, ಬೇರೆ ದಾರಿ ಇರಲಿಲ್ಲ ಎಂಬುದು. ಅದನ್ನು ಮಗ ನಗುತ್ತ ಕಿತ್ತುಕೊಂಡಿದ್ದ. ಇದನ್ನು ಬರೆಯಲು ನಮೂನೆಯಲ್ಲಿ ಎಲ್ಲೂ ಜಾಗವಿರಲಿಲ್ಲ.

ಆರು ಗಂಟೆಗೆ ವುರ್ಯಾನಿ ಲಾಕಪ್ಪಿಗೆ ಅನ್ನ, ಸೋಯಾ ಕಾಳಿನ ಟೆಂಪೆ ಒಯ್ದಳು. ಸಜಿನೆಂ ಕೈ ತೊಳೆದು ನಿಧಾನವಾಗಿ ಉಂಡಳು. ಹೆಬ್ಬೆರಳಿನ ಶಾಯಿ ಅನ್ನಕ್ಕೆ ತಾಗದ ಹಾಗೆ ನಾಲ್ಕೇ ಬೆರಳಲ್ಲಿ.

"ಅವನಿಗೆ ನೆತ್ತಿಯ ಎಡಗಡೆ ಒಂದು ಸುಳಿ ಇತ್ತು," ಎಂದಳು. "ಹುಟ್ಟಿದಾಗ ನೋಡಿದ್ದು."

ವುರ್ಯಾನಿ ನೀರಿನ ಲೋಟ ಹತ್ತಿರ ಸರಿಸಿದಳು.

"ಆಮೇಲೆ ನೋಡಿರಲಿಲ್ಲ. ನಾನು ಯಾವಾಗ್ಲೂ ಕೆಳಗೆ, ಅವನು ಮೇಲೆ. ಮಂಗಳವಾರ ತಲೆ ಒಂದು ಕಡೆ ವಾಲಿತ್ತು. ನೇರ ಮಾಡಿದೆ. ಆಗ ಕಾಣಿಸ್ತು. ಕೂದಲೆಲ್ಲ ಬೆಳ್ಳಗಾಗಿದೆ. ಸುಳಿ ಅಲ್ಲೇ ಇದೆ."

ತಟ್ಟೆಯಲ್ಲಿ ಉಳಿದ ಅಗುಳನ್ನು ಒಟ್ಟುಮಾಡಿ ಬಾಯಿಗೆ ಹಾಕಿಕೊಂಡಳು.